ಬಣ್ಣದ ಹೆಸರೆತ್ತದ ಕಾಯ್ದೆಗಳು: ಬ್ರಿಟನ್ನಿನ ವಲಸೆ ನಿಯಂತ್ರಣ ಮತ್ತು ಎಡಪಂಥದ ನೂರು ವರ್ಷಗಳ ಜಗಳ

2024ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಸರ್ಕಾರ ತಾನೇ ಬರೆಸಿ ತಾನೇ ಬಚ್ಚಿಟ್ಟುಕೊಂಡಿದ್ದ ಒಂದು ವರದಿಯನ್ನು ಹೊರಗೆ ಹಾಕಬೇಕಾಯಿತು. ಬಾಲ್ಯದಲ್ಲೇ ಕೆರಿಬಿಯನ್‌ನಿಂದ ಬಂದು ದಶಕಗಳಿಂದ ನೆಲೆಸಿದ್ದವರನ್ನು ಕಾಗದವಿಲ್ಲವೆಂದು ಅಕ್ರಮ ವಲಸಿಗರಂತೆ ನಡೆಸಿಕೊಂಡ ವಿಂಡ್‌ರಷ್ ಹಗರಣದ ಬೇರು ಎಲ್ಲಿದೆ ಎಂದು ಹುಡುಕಲು ಅಲ್ಲಿನ ಗೃಹ ಇಲಾಖೆ ಒಬ್ಬ ಇತಿಹಾಸಕಾರರಿಂದ ಬರೆಸಿದ ವರದಿ ಅದು. ಮಾಹಿತಿ ಹಕ್ಕಿನಡಿ ಕೇಳಿದವರು ನ್ಯಾಯಮಂಡಳಿಯವರೆಗೆ ಹೋದ ಮೇಲಷ್ಟೇ ಅದು ಬೆಳಕು ಕಂಡಿತು. 1950ರಿಂದ 1981ರ ನಡುವೆ ಬ್ರಿಟನ್ನಿನಲ್ಲಿ ಬಂದ ವಲಸೆ ಮತ್ತು ಪೌರತ್ವದ ಒಂದೊಂದು ಕಾಯ್ದೆಯ ಹಿಂದೆಯೂ, ಭಾಗಶಃವಾದರೂ, ಕಪ್ಪು ಮತ್ತು ಕಂದು ಮೈಬಣ್ಣದವರ ಸಂಖ್ಯೆ ತಗ್ಗಿಸುವ ಉದ್ದೇಶ ಇತ್ತು ಎಂಬುದು ಅದರ ಸಾರ.

ಸರ್ಕಾರಿ ಕಾಗದದಲ್ಲಿ ಈ ಮಾತು ಓದಿ ಬೆರಗಾದವರು ಬಹಳ ಮಂದಿ. ಆದರೆ ಇದನ್ನೇ 1961ರಲ್ಲಿ ಬೀದಿಯಲ್ಲಿ ನಿಂತು ಕೂಗಿ ಹೇಳಿದವರಿದ್ದರು. ಅವರಲ್ಲಿ ಹೆಚ್ಚಿನವರು ಕಮ್ಯುನಿಸ್ಟರು, ಸಮಾಜವಾದಿಗಳು, ವಲಸೆ ಕಾರ್ಮಿಕರ ಸಂಘಟನೆಗಳವರು. ಹೊರಗಿನವರಿಗೆ ಬಾಗಿಲು ಹಾಕಿ ಎಂದವರೂ ಅದೇ ಎಡಪಂಥದಲ್ಲಿ ಇದ್ದರು. ಇವೆರಡೂ ಒಂದೇ ಮನೆಯೊಳಗೆ ಹೇಗೆ ಇದ್ದವು ಎಂಬುದು ತಿಳಿಯದೆ ಬ್ರಿಟನ್ನಿನ ಇಂದಿನ ವಲಸೆ ಚರ್ಚೆ ಅರ್ಥವಾಗುವುದು ಕಷ್ಟ.

## ಮೊದಲು ಕೆಲವು ಪದಗಳು

ವಲಸೆ ನಿಯಂತ್ರಣ ಎಂದರೆ ಗಡಿಯಲ್ಲಿ ತಡೆಯುವುದು ಎಂದಷ್ಟೇ ನಾವು ತಿಳಿಯುತ್ತೇವೆ. ಅದು ಅದಕ್ಕಿಂತ ದೊಡ್ಡದು. ಯಾರು ಒಳಗೆ ಬರಬಹುದು, ಎಷ್ಟು ದಿನ ಇರಬಹುದು, ಕೆಲಸ ಮಾಡಬಹುದೇ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದೇ, ಯಾವಾಗ ಹೊರಗೆ ಹಾಕಬಹುದು ಎಂಬ ಎಲ್ಲ ನಿಯಮಗಳೂ ಅದರಲ್ಲಿ ಸೇರುತ್ತವೆ. ಮನೆಯ ಹೊರಬಾಗಿಲಿಗೆ ಮಾತ್ರವಲ್ಲದೆ ಒಳಗಿನ ಪ್ರತಿ ಕೋಣೆಗೂ ಬೇರೆ ಬೇರೆ ಬೀಗ ಇದ್ದಂತೆ.

ತಾರತಮ್ಯದಲ್ಲಿ ಎರಡು ಬಗೆ. ಇಂಥ ಜನಾಂಗದವರು ಬರಕೂಡದು ಎಂದು ಕಾಯ್ದೆಯಲ್ಲೇ ಬರೆದರೆ ಅದು ನೇರ ತಾರತಮ್ಯ. ಎರಡನೆಯದು ಜರಡಿಯಂಥದು. ಯಾವ ಕಾಳು ನಿಲ್ಲಬೇಕು, ಯಾವುದು ಉದುರಬೇಕು ಎಂದು ಜರಡಿಯ ಮೇಲೆ ಎಲ್ಲೂ ಬರೆದಿರುವುದಿಲ್ಲ. ತೂತಿನ ಅಳತೆಯೇ ಆ ಕೆಲಸ ಮಾಡುತ್ತದೆ. ಬ್ರಿಟನ್ನಿನ ಕಾಯ್ದೆಗಳು ಬಹುಪಾಲು ಈ ಎರಡನೆಯ ಬಗೆಯವು. ಹಾಗಾಗಿಯೇ ಅವನ್ನು ತಾರತಮ್ಯ ಎಂದು ತೋರಿಸಿಕೊಡಲು ಅಷ್ಟು ಕಾಲ ಹಿಡಿಯಿತು.

ಇನ್ನು ತೀವ್ರ ಎಡಪಂಥ. ಲೇಬರ್ ಪಕ್ಷ ಸಂಸತ್ತಿನ ಮೂಲಕ, ಹಂತ ಹಂತವಾಗಿ ಕಾರ್ಮಿಕರ ಬದುಕು ಸುಧಾರಿಸುವ ದಾರಿ ಹಿಡಿಯಿತು. ಬಂಡವಾಳಶಾಹಿ ವ್ಯವಸ್ಥೆಯೇ ಹೋಗಬೇಕು ಎಂದವರು ತೀವ್ರ ಎಡಪಂಥೀಯರು: ಅರಾಜಕತಾವಾದಿಗಳು, 1920ರಲ್ಲಿ ಹುಟ್ಟಿ 1991ರಲ್ಲಿ ವಿಸರ್ಜನೆಗೊಂಡ ಬ್ರಿಟಿಷ್ ಕಮ್ಯುನಿಸ್ಟ್ ಪಕ್ಷ, ಸ್ಟಾಲಿನ್‌ನನ್ನು ಒಪ್ಪದೆ ರಷ್ಯಾದ ಕ್ರಾಂತಿಕಾರಿ ಟ್ರಾಟ್ಸ್ಕಿಯ ದಾರಿ ಹಿಡಿದ ಟ್ರಾಟ್ಸ್ಕಿವಾದಿ ಗುಂಪುಗಳು. ಸಂಸತ್ತಿನಲ್ಲಿ ಇವರಿಗೆ ಹೆಚ್ಚು ಸ್ಥಾನ ಸಿಗಲಿಲ್ಲ. ಕಾರ್ಖಾನೆ, ರೇವು, ಕಾರ್ಮಿಕ ಸಂಘಗಳಲ್ಲಿ ಇವರ ಮಾತಿಗೆ ತೂಕವಿತ್ತು.

## ಗೇಟಿನ ಹೊರಗೆ ನಿಂತವನು ಯಾರು?

ಎಡಪಂಥಕ್ಕೆ ವಲಸೆ ಯಾಕೆ ಇಷ್ಟು ತಲೆನೋವಾಯಿತು ಎಂಬುದನ್ನು ಒಂದು ಕಾರ್ಖಾನೆಯ ಗೇಟಿನ ಮುಂದೆ ನಿಂತು ನೋಡಬೇಕು. ಒಳಗಿನ ಕೆಲಸಗಾರರು ಕೂಲಿ ಸಾಲದು ಎಂದು ಮುಷ್ಕರ ಹೂಡಿದ್ದಾರೆ. ಹೊರಗೆ ಹಸಿದವನೊಬ್ಬ ನಿಂತಿದ್ದಾನೆ. ಕಡಿಮೆ ಕೂಲಿಗೆ ಅವನನ್ನು ಒಳಗೆ ಬಿಟ್ಟುಕೊಂಡರೆ ಮಾಲೀಕ ಗೆದ್ದ. ಈಗ ಮುಷ್ಕರನಿರತರು ಅವನನ್ನು ಪ್ರತಿಸ್ಪರ್ಧಿ ಎಂದು ಓಡಿಸಬೇಕೇ, ತಮ್ಮವನೆಂದು ಸಂಘಕ್ಕೆ ಸೇರಿಸಿಕೊಳ್ಳಬೇಕೇ?

ಕಾರ್ಲ್ ಮಾರ್ಕ್ಸ್ ಇದನ್ನು ಲಂಡನ್ನಿನಲ್ಲಿ ಕಣ್ಣಾರೆ ಕಂಡಿದ್ದರು. ಇಂಗ್ಲಿಷ್ ಕಾರ್ಮಿಕ ಐರಿಷ್ ಕಾರ್ಮಿಕನನ್ನು ತನ್ನ ಕೂಲಿ ಇಳಿಸುವವನೆಂದು ದ್ವೇಷಿಸುತ್ತಾನೆ, ಈ ಒಡಕೇ ಇಂಗ್ಲಿಷ್ ಕಾರ್ಮಿಕ ವರ್ಗದ ಕೈಲಾಗದತನದ ಗುಟ್ಟು, ಮಾಲೀಕರ ಬಲದ ಗುಟ್ಟೂ ಇದೇ ಎಂದು 1870ರಲ್ಲಿ ಒಂದು ಪತ್ರದಲ್ಲಿ ಬರೆದರು. ಬರೆದವರೂ ವಲಸಿಗರೇ. ಯುರೋಪಿನ ಹಲವೆಡೆಯಿಂದ ಹೊರದೂಡಿಸಿಕೊಂಡು 1849ರಲ್ಲಿ ಲಂಡನ್ನಿಗೆ ಬಂದಿದ್ದರು. ಆಗ ಬ್ರಿಟನ್ನಿನಲ್ಲಿ ವಲಸೆ ತಡೆಯುವ ವ್ಯವಸ್ಥೆಯೇ ಇರಲಿಲ್ಲ. ರಾಜನನ್ನು ಎದುರು ಹಾಕಿಕೊಂಡವರು, ಸೋತ ಕ್ರಾಂತಿಕಾರಿಗಳು ಹಡಗಿಳಿದು ನೇರ ಊರೊಳಗೆ ನಡೆದುಹೋಗುತ್ತಿದ್ದರು. ಪೌರತ್ವದ ಮಾತು ಮಾತ್ರ ಬೇರೆ. 1874ರಲ್ಲಿ ಮಾರ್ಕ್ಸ್ ಅರ್ಜಿ ಹಾಕಿದಾಗ, ಈತ ತನ್ನ ದೊರೆಗೇ ನಿಷ್ಠನಾಗಿರಲಿಲ್ಲ ಎಂಬ ಪೊಲೀಸ್ ವರದಿಯ ಮೇಲೆ ಅದು ತಿರಸ್ಕೃತವಾಯಿತು.

## 1905: ಮೊದಲ ಜರಡಿ

1881ರ ನಂತರ ರಷ್ಯಾ ಸಾಮ್ರಾಜ್ಯದಲ್ಲಿ ಯಹೂದಿಗಳ ಮೇಲೆ ದಾಳಿಗಳು ಹೆಚ್ಚಿದವು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಬ್ರಿಟನ್ನಿಗೆ ಬಂದು ನೆಲೆಸಿದರು. ಬಹುಪಾಲು ಜನ ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ ಇಕ್ಕಟ್ಟಿನ ಕೋಣೆಗಳಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ಬಟ್ಟೆ ಹೊಲಿದು ಬದುಕಿದರು. ಅವರ ವಿರುದ್ಧ 1901ರಲ್ಲಿ ಬ್ರಿಟಿಷ್ ಬ್ರದರ್ಸ್ ಲೀಗ್ ಎಂಬ ಸಂಘಟನೆ ಹುಟ್ಟಿತು. 1905ರಲ್ಲಿ ಬಾಲ್ಫರ್ ಸರ್ಕಾರ ಏಲಿಯನ್ಸ್ ಆಕ್ಟ್, ಅಂದರೆ ಪರದೇಶಿಗಳ ಕಾಯ್ದೆ ತಂದಿತು.

ಆ ಕಾಯ್ದೆಯಲ್ಲಿ ಯಹೂದಿ ಎಂಬ ಪದವೇ ಇಲ್ಲ. ಹಡಗಿನ ಅಗ್ಗದ ದರ್ಜೆಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಪರದೇಶಿಗಳಿದ್ದರೆ ಅಧಿಕಾರಿ ತಪಾಸಣೆ ಮಾಡಬೇಕು, ತನ್ನ ಹೊಟ್ಟೆ ತಾನು ಹೊರೆಯಲಾರದವನನ್ನು, ರೋಗಿಯನ್ನು, ಅಪರಾಧಿಯನ್ನು ತಡೆಯಬಹುದು. ದುಬಾರಿ ಟಿಕೆಟ್ ಕೊಂಡು ಬಂದವರಿಗೆ ತಪಾಸಣೆ ಇಲ್ಲ. ಅಗ್ಗದ ದರ್ಜೆಯಲ್ಲಿ ಆ ದಿನಗಳಲ್ಲಿ ಯಾರು ಬರುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಮುಂದಿನ ಕಾಯ್ದೆಗಳೆಲ್ಲ ಈ ಜಾಣತನವನ್ನೇ ಕಲಿತವು.

ನೋವಿನ ಸಂಗತಿಯೆಂದರೆ, ಇದಕ್ಕೆ ಹತ್ತು ವರ್ಷ ಮೊದಲೇ ಕಾರ್ಮಿಕ ಸಂಘಗಳ ಒಕ್ಕೂಟವಾದ ಬ್ರಿಟಿಷ್ ಟ್ರೇಡ್ ಯೂನಿಯನ್ ಕಾಂಗ್ರೆಸ್ 1892, 1894 ಮತ್ತು 1895ರಲ್ಲಿ ಪರದೇಶಿಗಳ ಬರುವಿಕೆ ತಡೆಯಬೇಕೆಂದು ನಿರ್ಣಯ ಮಾಡಿತ್ತು. ಯಹೂದಿ ಕಾರ್ಮಿಕ ಸಂಘಗಳು ತಕ್ಷಣ ಕರಪತ್ರ ಹೊರಡಿಸಿ ಪ್ರತಿಭಟಿಸಿದವು. ಮಾರ್ಕ್ಸ್ ಅವರ ಮಗಳು ಎಲಿನರ್ ಅವರೊಡನೆ ನಿಂತರು.

ಉತ್ತರವನ್ನು ಕರಪತ್ರಕ್ಕಿಂತ ಚೆನ್ನಾಗಿ ಕೊಟ್ಟದ್ದು 1912ರ ಬೇಸಿಗೆ. ರುಡಾಲ್ಫ್ ರಾಕರ್ ಎಂಬ ಜರ್ಮನ್ ಅರಾಜಕತಾವಾದಿ ಈಸ್ಟ್ ಎಂಡ್‌ನಲ್ಲಿದ್ದರು. ಯಹೂದಿಯಲ್ಲದಿದ್ದರೂ ಯಿಡ್ಡಿಷ್ ಕಲಿತು ಆ ಭಾಷೆಯಲ್ಲೇ ಪತ್ರಿಕೆ ನಡೆಸುತ್ತಿದ್ದವರು. ನಗರದ ಪಶ್ಚಿಮ ಭಾಗದ ದರ್ಜಿಗಳು ಮುಷ್ಕರ ಹೂಡಿದಾಗ ಅವರ ಕೆಲಸ ಈಸ್ಟ್ ಎಂಡ್‌ನ ಯಹೂದಿ ದರ್ಜಿಗಳ ಕೈಗೆ ಬರತೊಡಗಿತು. ಗೇಟಿನ ಹೊರಗೆ ನಿಂತವನ ಪಾತ್ರ ಈಗ ಇವರದ್ದು. ರಾಕರ್ ಸಭೆ ಕರೆದರು. ಸಾವಿರಾರು ದರ್ಜಿಗಳು ಮಾಡುತ್ತಿದ್ದ ಕೆಲಸ ಕೆಳಗಿಟ್ಟು ಮುಷ್ಕರಕ್ಕಿಳಿದರು, ಮೂರು ವಾರದಲ್ಲಿ ಗೆದ್ದರು. ಅದೇ ಹೊತ್ತಿಗೆ ಲಂಡನ್ನಿನ ರೇವು ಕಾರ್ಮಿಕರ ಮುಷ್ಕರ ನಡೆದು ಅವರ ಮನೆಗಳಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಯಹೂದಿ ಕುಟುಂಬಗಳು ಆ ಐರಿಷ್ ಮತ್ತು ಇಂಗ್ಲಿಷ್ ಮಕ್ಕಳನ್ನು, ಮುನ್ನೂರಕ್ಕೂ ಹೆಚ್ಚು ಮಂದಿಯನ್ನು, ತಮ್ಮ ಮನೆಗೆ ಕರೆದೊಯ್ದು ಸಾಕಿದವು. ಬಡವರ ಮನೆಗೆ ಬಡವರ ಮಕ್ಕಳು. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುವ ಘಟನೆ ಇದು.

ಯುರೋಪಿನ ಸಮಾಜವಾದಿಗಳೂ ಇದೇ ಪ್ರಶ್ನೆ ಇಟ್ಟುಕೊಂಡು 1907ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸೇರಿದ್ದರು. ಏಷ್ಯಾದ ಕಾರ್ಮಿಕರನ್ನು ತಡೆಯುವುದರ ಪರವಾಗಿ ಅಮೆರಿಕ, ಆಸ್ಟ್ರೇಲಿಯಾ ಕಡೆಯ ಕೆಲವು ಪ್ರತಿನಿಧಿಗಳು ವಾದಿಸಿದರು, ಜಪಾನಿನ ಪ್ರತಿನಿಧಿ ಎದುರು ವಾದಿಸಿದರು. ಮುಷ್ಕರ ಮುರಿಯಲು ಕರಾರಿನ ಮೇಲೆ ಕೂಲಿಗಳನ್ನು ಸಾಗಿಸುವುದು ತಪ್ಪು, ಜನಾಂಗ ಅಥವಾ ರಾಷ್ಟ್ರೀಯತೆ ನೋಡಿ ತಡೆಯುವುದೂ ತಪ್ಪು, ಬಂದವರಿಗೆ ಸಮಾನ ಹಕ್ಕು ಕೊಡಬೇಕು ಎಂದು ಕೊನೆಗೆ ನಿರ್ಣಯವಾಯಿತು. ಆ ಸಮ್ಮೇಳನದ ಮಧ್ಯದಲ್ಲೇ ಹ್ಯಾರಿ ಕ್ವೆಲ್ಚ್ ಎಂಬ ಬ್ರಿಟಿಷ್ ಪ್ರತಿನಿಧಿಯನ್ನು, ಸರ್ಕಾರಗಳ ಶಾಂತಿ ಸಭೆಯೊಂದನ್ನು ಕಳ್ಳರ ಕೂಟವೆಂದು ಹಳಿದದ್ದಕ್ಕೆ, ಅಲ್ಲಿನ ಆಡಳಿತ ಗಡಿಪಾರು ಮಾಡಿತು.

## ಕ್ರಾಂತಿಯ ಭಯ

1914ರ ಆಗಸ್ಟ್ 5ರಂದು, ಯುದ್ಧ ಘೋಷಣೆಯಾದ ಮರುದಿನ, ಪರದೇಶಿಗಳ ಮೇಲೆ ನಿರ್ಬಂಧ ಹೇರುವ ಕಾಯ್ದೆ ಒಂದೇ ದಿನದಲ್ಲಿ ಪಾಸಾಯಿತು. ಈಸ್ಟ್ ಎಂಡ್‌ನಲ್ಲಿ ಅಷ್ಟು ಜನರನ್ನು ಒಗ್ಗೂಡಿಸಿದ್ದ ರಾಕರ್ ಈಗ ಶತ್ರು ದೇಶದ ಪ್ರಜೆ. ಬಂಧನ ಶಿಬಿರದಲ್ಲಿ ವರ್ಷಗಳನ್ನು ಕಳೆದು 1918ರಲ್ಲಿ ನೆದರ್ಲೆಂಡ್ಸ್‌ಗೆ ಸಾಗಿಸಲ್ಪಟ್ಟರು.

ಯುದ್ಧ ಮುಗಿದರೂ ನಿರ್ಬಂಧ ಸಡಿಲವಾಗಲಿಲ್ಲ, ಏಕೆಂದರೆ 1917ರಲ್ಲಿ ರಷ್ಯಾದಲ್ಲಿ ಕ್ರಾಂತಿಯಾಗಿತ್ತು. 1919ರ ತಿದ್ದುಪಡಿ ಕಾಯ್ದೆಯ ಮೂರನೇ ವಿಧಿಯನ್ನು ನೋಡಿ. ಸೈನಿಕರಲ್ಲಿ ಅಥವಾ ಜನರಲ್ಲಿ ರಾಜದ್ರೋಹ ಹುಟ್ಟಿಸುವ ಪರದೇಶಿಗೆ ಹತ್ತು ವರ್ಷದವರೆಗೆ ಶಿಕ್ಷೆ. ಕನಿಷ್ಠ ಎರಡು ವರ್ಷ ತಾನು ದುಡಿದಿರದ ಉದ್ಯಮದಲ್ಲಿ ಕಾರ್ಮಿಕ ಅಶಾಂತಿ ಎಬ್ಬಿಸಿದರೆ ಮೂರು ತಿಂಗಳ ಸೆರೆ. ರಾಕರ್ 1912ರಲ್ಲಿ ಮಾಡಿದ ಕೆಲಸವೇ ಈಗ ಅಪರಾಧ. ವಲಸೆ ನಿಯಂತ್ರಣಕ್ಕೂ ಎಡಪಂಥಕ್ಕೂ ಇರುವ ನಂಟಿನ ಇನ್ನೊಂದು ಮುಖ ಇದು: ಎಡಪಂಥೀಯರು ಆ ಕಾಯ್ದೆಗಳನ್ನು ವಿರೋಧಿಸಿದವರಷ್ಟೇ ಅಲ್ಲ, ಅವುಗಳ ಗುರಿಯೂ ಅವರೇ ಆಗಿದ್ದರು.

ಬ್ರಿಟಿಷ್ ಪ್ರಜೆಯಾಗಿದ್ದರೂ ಇದರಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಬೊಂಬಾಯಿಯಲ್ಲಿ ಹುಟ್ಟಿದ ಪಾರ್ಸಿ ಶಾಪುರ್ಜಿ ಸಕ್ಲಾತ್‌ವಾಲಾ ಲಂಡನ್ನಿನ ನಾರ್ತ್ ಬ್ಯಾಟರ್ಸಿ ಕ್ಷೇತ್ರದಿಂದ 1922ರಲ್ಲೂ 1924ರಲ್ಲೂ ಸಂಸತ್ತಿಗೆ ಆರಿಸಿ ಬಂದ ಕಮ್ಯುನಿಸ್ಟ್. 1925ರಲ್ಲಿ ಅಮೆರಿಕ ಅವರ ವೀಸಾ ರದ್ದು ಮಾಡಿತು. 1927ರ ಭಾರತ ಪ್ರವಾಸದ ನಂತರ ಅವರು ಹುಟ್ಟಿದ ನೆಲಕ್ಕೇ ಮತ್ತೆ ಕಾಲಿಡದಂತೆ ವಸಾಹತು ಸರ್ಕಾರ ತಡೆಯಿತು.

ಜರಡಿ ಇಲ್ಲದೆ ಬಣ್ಣದ ಹೆಸರನ್ನೇ ನೇರವಾಗಿ ಬರೆದ ಆದೇಶವೂ ಒಂದಿದೆ. 1925ರ ಬಿಳಿಯೇತರ ಪರದೇಶಿ ನಾವಿಕರ ಆದೇಶ. ಬಿಳಿಯರಲ್ಲದ ನಾವಿಕರು ತಾವು ಬ್ರಿಟಿಷ್ ಪ್ರಜೆಗಳೆಂದು ದಾಖಲೆ ತೋರಿಸಬೇಕು, ಇಲ್ಲವಾದರೆ ಪೊಲೀಸರಲ್ಲಿ ಪರದೇಶಿಗಳೆಂದು ನೋಂದಾಯಿಸಿಕೊಳ್ಳಬೇಕು. ಏಡನ್, ಸೊಮಾಲಿಲ್ಯಾಂಡ್, ಭಾರತ, ಪಶ್ಚಿಮ ಆಫ್ರಿಕಾದಿಂದ ಬಂದು ಬ್ರಿಟಿಷ್ ಹಡಗುಗಳಲ್ಲೇ ದುಡಿದ ಈ ಜನರ ಬಳಿ ಪಾಸ್‌ಪೋರ್ಟ್ ಎಲ್ಲಿಂದ ಬರಬೇಕು? ಕಾರ್ಡಿಫ್‌ನಂಥ ರೇವು ಪಟ್ಟಣಗಳಲ್ಲಿ ಹುಟ್ಟಾ ಬ್ರಿಟಿಷ್ ಪ್ರಜೆಗಳೇ ರಾತ್ರಿ ಬೆಳಗಾಗುವುದರೊಳಗೆ ಪರದೇಶಿಗಳಾದರು. ನಾವಿಕರ ಮುಖ್ಯ ಕಾರ್ಮಿಕ ಸಂಘದ ಒತ್ತಾಸೆಯೂ ಈ ನೀತಿಗೆ ಇತ್ತು. ಅದನ್ನು ಎದುರಿಸಲು 1935ರಲ್ಲಿ ಬಾರ್ಬಡೋಸ್ ಮೂಲದ ಕ್ರಿಸ್ ಬ್ರೇತ್‌ವೇಟ್, ಭಾರತೀಯ ನಾವಿಕರ ನಾಯಕ ಸೂರತ್ ಅಲಿ ಮೊದಲಾದವರು ವಸಾಹತು ನಾವಿಕರದೇ ಸಂಘ ಕಟ್ಟಿದರು. ಇಬ್ಬರೂ ಕಮ್ಯುನಿಸ್ಟ್ ಚಳವಳಿಯಲ್ಲಿ ಪಳಗಿದವರು.

## ಕಮ್ಯುನಿಸ್ಟರ ತಪ್ಪು ಹೆಜ್ಜೆ

ಎರಡನೇ ಮಹಾಯುದ್ಧದ ನಂತರ ಲಕ್ಷಕ್ಕೂ ಹೆಚ್ಚು ಪೋಲೆಂಡಿನ ಸೈನಿಕರು ಮತ್ತು ಅವರ ಕುಟುಂಬದವರು ಬ್ರಿಟನ್ನಿನಲ್ಲಿ ಉಳಿದರು. ಸೋವಿಯತ್ ಹಿಡಿತದ ತಾಯ್ನಾಡಿಗೆ ಮರಳಲು ಅವರಿಗೆ ಮನಸ್ಸಿರಲಿಲ್ಲ. ಅವರಿಗೆ ನೆಲೆ ಕೊಡುವುದನ್ನು ಹ್ಯಾರಿ ಪೊಲಿಟ್ ನಾಯಕತ್ವದ ಬ್ರಿಟಿಷ್ ಕಮ್ಯುನಿಸ್ಟ್ ಪಕ್ಷ ಗಟ್ಟಿಯಾಗಿ ವಿರೋಧಿಸಿತು. ಅವರು ಫ್ಯಾಸಿಸ್ಟರು, ಕೆಲಸ ಮತ್ತು ಮನೆ ಬ್ರಿಟಿಷರಿಗೇ ಸಾಲದು ಎಂಬುದು ಅದರ ವಾದ. ವರ್ಷಗಟ್ಟಲೆ ಹಿಟ್ಲರನ ವಿರುದ್ಧ ಹೋರಾಡಿದವರನ್ನೇ ಒಟ್ಟಾಗಿ ಫ್ಯಾಸಿಸ್ಟರೆಂದದ್ದು ಅನ್ಯಾಯ. ವಸಾಹತುಗಳಿಂದ ಬಂದವರ ಪರ ನಿಂತ ಪಕ್ಷ ಪೋಲರ ವಿಷಯದಲ್ಲಿ ಹೀಗಾಡಿತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ಪಕ್ಷದ ಅಭಿಮಾನಿಗಳು ಬರೆಯುವ ಚರಿತ್ರೆಯಲ್ಲಿ ಈ ಪುಟವನ್ನು ಹಾರಿಸಿಬಿಡುವುದುಂಟು, ಹಾರಿಸಬಾರದು.

## 1962: ಹಾವೂ ಸಾಯಬೇಕು, ಕೋಲೂ ಮುರಿಯಬಾರದು

1948ರ ಪೌರತ್ವ ಕಾಯ್ದೆಯ ಪ್ರಕಾರ ವಸಾಹತುಗಳ ಮತ್ತು ಕಾಮನ್‌ವೆಲ್ತ್ ದೇಶಗಳ ಎಲ್ಲರೂ ಬ್ರಿಟಿಷ್ ಪ್ರಜೆಗಳು. ಬ್ರಿಟನ್ನಿಗೆ ಬರಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅದೇ ವರ್ಷದ ಜೂನ್ 22ರಂದು ಎಂಪೈರ್ ವಿಂಡ್‌ರಷ್ ಹಡಗಿನಿಂದ ಟಿಲ್ಬರಿ ರೇವಿನಲ್ಲಿ ಇಳಿದ ಕೆರಿಬಿಯನ್ನರು ಕಾನೂನಿನ ಕಣ್ಣಲ್ಲಿ ವಿದೇಶಿಗರಲ್ಲ, ಸಾಮ್ರಾಜ್ಯದ ಒಂದು ಮೂಲೆಯಿಂದ ಇನ್ನೊಂದಕ್ಕೆ ಬಂದವರು.

ಈ ಹಕ್ಕಿನ ಬಲ ಎಷ್ಟಿತ್ತು ಎನ್ನಲು ಕ್ಲಾಡಿಯಾ ಜೋನ್ಸ್ ಅವರ ಬದುಕು ಸಾಕು. ಟ್ರಿನಿಡಾಡಿನಲ್ಲಿ ಹುಟ್ಟಿ ಬಾಲ್ಯದಿಂದ ನ್ಯೂಯಾರ್ಕಿನಲ್ಲಿ ಬೆಳೆದ ಅವರನ್ನು ಕಮ್ಯುನಿಸ್ಟ್ ಎಂಬ ಕಾರಣಕ್ಕೆ ಅಮೆರಿಕ ಜೈಲಿಗೆ ಹಾಕಿ, 1955ರ ಡಿಸೆಂಬರಿನಲ್ಲಿ ಗಡಿಪಾರು ಮಾಡಿತು. ಟ್ರಿನಿಡಾಡಿನ ವಸಾಹತು ಆಡಳಿತಕ್ಕೆ ಅವರು ಬೇಡವಾಗಿದ್ದರು. ಬ್ರಿಟಿಷ್ ಪ್ರಜೆಯಾದ್ದರಿಂದ ಲಂಡನ್ ಒಳಗೆ ಬಿಟ್ಟುಕೊಂಡಿತು. 1958ರಲ್ಲಿ ಬ್ರಿಕ್ಸ್‌ಟನ್‌ನಿಂದ ವೆಸ್ಟ್ ಇಂಡಿಯನ್ ಗೆಜೆಟ್ ಪತ್ರಿಕೆ ಆರಂಭಿಸಿದರು. ಆ ವರ್ಷ ನಾಟಿಂಗ್ ಹಿಲ್‌ನಲ್ಲಿ ಕಪ್ಪು ಜನರ ಮೇಲೆ ಗಲಭೆಕೋರರು ಎರಗಿದ ಮೇಲೆ, 1959ರ ಜನವರಿಯಲ್ಲಿ ಸೇಂಟ್ ಪ್ಯಾಂಕ್ರಸ್ ಪುರಭವನದಲ್ಲಿ ಕೆರಿಬಿಯನ್ ಕಾರ್ನಿವಲ್ ನಡೆಸಿದರು.

ಗಲಭೆ ನಡೆಸಿದವರು ಬಿಳಿಯರು. ಆದರೂ ಸರ್ಕಾರ ಅದರಿಂದ ತೆಗೆದ ತೀರ್ಮಾನ, ಕಪ್ಪು ಜನರ ಸಂಖ್ಯೆ ಹೆಚ್ಚಾದದ್ದೇ ಸಮಸ್ಯೆ ಎಂದು. 1962ರ ಕಾಮನ್‌ವೆಲ್ತ್ ವಲಸಿಗರ ಕಾಯ್ದೆ ಬಂತು. ಕೆಲಸಕ್ಕೆ ಬರುವವರಿಗೆ ವೋಚರ್ ಬೇಕು: ಕೆಲಸ ಗೊತ್ತಾಗಿರುವವರಿಗೆ ಎ, ಬೇಕಾದ ಕೌಶಲ ಇರುವವರಿಗೆ ಬಿ, ಉಳಿದವರಿಗೆ ಸಿ. ಬಣ್ಣದ ಮಾತೇ ಇಲ್ಲ. ಆದರೆ ಗೃಹ ಸಚಿವ ರಾಬ್ ಬಟ್ಲರ್ 1961ರಲ್ಲಿ ಸಂಪುಟದ ಸಹೋದ್ಯೋಗಿಗಳಿಗೆ ಬರೆದ ಟಿಪ್ಪಣಿ ದಶಕಗಳ ನಂತರ ಹೊರಬಂತು. ಜನಾಂಗ ಅಥವಾ ಬಣ್ಣದ ಭೇದವಿಲ್ಲ ಎಂದು ತೋರಿಸಬಹುದಾದದ್ದೇ ಈ ಯೋಜನೆಯ ದೊಡ್ಡ ಗುಣ, ಅದರ ಬಿಸಿ ಮಾತ್ರ ಬಹುತೇಕ ಬಿಳಿಯೇತರರಿಗಷ್ಟೇ ತಟ್ಟುತ್ತದೆ, ತಟ್ಟಬೇಕೆಂಬುದೇ ಉದ್ದೇಶ ಎಂಬುದು ಅದರ ತಾತ್ಪರ್ಯ. ಐರ್ಲೆಂಡಿನಿಂದ ಬರುವವರಿಗೆ, ಅವರು ಕಾಮನ್‌ವೆಲ್ತ್‌ನಲ್ಲೇ ಇಲ್ಲದಿದ್ದರೂ, ನಿಯಂತ್ರಣ ಅನ್ವಯಿಸಲಿಲ್ಲ.

ಟಿಪ್ಪಣಿ ನೋಡದೆಯೇ ವಿರೋಧಿಗಳು ಇದನ್ನು ಗ್ರಹಿಸಿದ್ದರು. ಲೇಬರ್ ನಾಯಕ ಹ್ಯೂ ಗೇಟ್‌ಸ್ಕೆಲ್ ಸಂಸತ್ತಿನಲ್ಲಿ ಇದನ್ನು ಕ್ರೂರವಾದ ವರ್ಣವಿರೋಧಿ ಶಾಸನವೆಂದು ಕರೆದರು. ಹೊರಗೆ ಕ್ಲಾಡಿಯಾ ಜೋನ್ಸ್, ಕಮ್ಯುನಿಸ್ಟ್ ಪಕ್ಷ, ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಪ್ರತಿಭಟನೆಗಿಳಿದವು. ಈ ಭಾರತೀಯ ಕಾರ್ಮಿಕರ ಸಂಘಕ್ಕೆ 1938ರಲ್ಲಿ ಕಾವೆಂಟ್ರಿಯಲ್ಲಿ ಹುಟ್ಟಿದ ಚರಿತ್ರೆ ಇದೆ. ಯುದ್ಧಾನಂತರ ಮಿಡ್‌ಲ್ಯಾಂಡ್ಸ್‌ನ ಎರಕದ ಕಾರ್ಖಾನೆಗಳಿಗೆ ಬಂದ ಪಂಜಾಬಿಗಳು ಅದಕ್ಕೆ ಮರುಜೀವ ಕೊಟ್ಟರು. ಅದರ ನಾಯಕರಾದ ಜಗಮೋಹನ್ ಜೋಶಿ, ಅವತಾರ್ ಸಿಂಗ್ ಜೌಹಲ್ ಕಮ್ಯುನಿಸ್ಟ್ ವಿಚಾರದವರು.

## ಲೇಬರ್ ಮಗ್ಗುಲು ಬದಲಿಸಿತು

1964ರಲ್ಲಿ ಲೇಬರ್ ಗೆದ್ದರೂ, ಸ್ಮೆದಿಕ್ ಕ್ಷೇತ್ರದಲ್ಲಿ ಅದರ ಹಿರಿಯ ನಾಯಕ ಪ್ಯಾಟ್ರಿಕ್ ಗಾರ್ಡನ್ ವಾಕರ್ ವಲಸಿಗ ವಿರೋಧಿ ಪ್ರಚಾರದ ಎದುರು ಸೋತರು. ಪಕ್ಷ ಹೆದರಿತು. ಮರುವರ್ಷವೇ ಸಿ ವೋಚರ್ ರದ್ದಾಯಿತು, ವರ್ಷಕ್ಕೆ 8,500 ವೋಚರುಗಳ ಮಿತಿ ಬಂತು. ಆ ಸ್ಮೆದಿಕ್‌ನ ಮಾರ್ಷಲ್ ಸ್ಟ್ರೀಟಿಗೆ 1965ರ ಫೆಬ್ರುವರಿಯಲ್ಲಿ ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಂ ಎಕ್ಸ್ ಬಂದು ನಡೆದಾಡಿದರು, ಕರೆಸಿದವರು ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ನಿನವರು.

1968ರಲ್ಲಿ ಇನ್ನೂ ದೊಡ್ಡ ಹೊಡೆತ. ಕೀನ್ಯಾದಲ್ಲಿದ್ದ ಭಾರತೀಯ ಮೂಲದವರು ಆ ದೇಶ ಸ್ವತಂತ್ರವಾದಾಗ ಬ್ರಿಟಿಷ್ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರು. ಅಲ್ಲಿ ಕೆಲಸ, ವ್ಯಾಪಾರ ಕಳೆದುಕೊಳ್ಳುವ ಸ್ಥಿತಿ ಬಂದಾಗ ಬ್ರಿಟನ್ನಿಗೆ ಹೊರಟರು. ಲೇಬರ್ ಸರ್ಕಾರದ ಗೃಹ ಸಚಿವ ಜೇಮ್ಸ್ ಕ್ಯಾಲಹನ್ ಮೂರೇ ದಿನದಲ್ಲಿ ಕಾಯ್ದೆಯನ್ನು ಸಂಸತ್ತಿನಲ್ಲಿ ದಾಟಿಸಿದರು. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೆ ಸಾಲದು, ತಂದೆ ತಾಯಿ ಅಥವಾ ಅಜ್ಜ ಅಜ್ಜಿಯರಲ್ಲಿ ಒಬ್ಬರಾದರೂ ಬ್ರಿಟನ್ನಿನಲ್ಲಿ ಹುಟ್ಟಿರಬೇಕು ಅಥವಾ ಅಲ್ಲಿನ ಪೌರತ್ವ ಪಡೆದಿರಬೇಕು. ಕೀನ್ಯಾದ ಬಿಳಿಯ ರೈತನಿಗೆ ಅಂಥ ಅಜ್ಜ ಇದ್ದ, ಗುಜರಾತಿ ಅಂಗಡಿಯವನಿಗೆ ಇರಲಿಲ್ಲ. ಜರಡಿಯ ತೂತು ಈಗ ಅಜ್ಜನ ಹುಟ್ಟೂರಿನ ಅಳತೆಗೆ ಬಂತು. ಇದು ಜನಾಂಗೀಯ ತಾರತಮ್ಯ, ಮನುಷ್ಯರ ಘನತೆಗೆ ಕುಂದು ತರುವ ನಡವಳಿಕೆ ಎಂದು ಯುರೋಪಿನ ಮಾನವ ಹಕ್ಕುಗಳ ಆಯೋಗ 1973ರಲ್ಲಿ ಅಭಿಪ್ರಾಯಪಟ್ಟಿತು.

ಕಾಯ್ದೆ ಬಂದ 1968ರ ಏಪ್ರಿಲ್ 20ರಂದು ಕನ್ಸರ್ವೇಟಿವ್ ಸಂಸದ ಇನಾಕ್ ಪೊವೆಲ್ ಬರ್ಮಿಂಗ್‌ಹ್ಯಾಮ್‌ನಲ್ಲಿ ವಲಸಿಗರ ವಿರುದ್ಧ ಕಿಡಿಕಾರಿದರು. ಲಂಡನ್ನಿನ ರೇವು ಕಾರ್ಮಿಕರು ಕೆಲಸ ಬಿಟ್ಟು ಪೊವೆಲ್ ಪರ ಸಂಸತ್ತಿಗೆ ಮೆರವಣಿಗೆ ಹೋದರು. ಆ ರೇವಿನಲ್ಲಿ ಕಮ್ಯುನಿಸ್ಟ್ ನಾಯಕರಿಗೆ ಬಹುಕಾಲದ ಗೌರವವಿತ್ತು, ಆದರೂ ತಡೆಯಲಾಗಲಿಲ್ಲ. ಕೂಲಿಯ ಜಗಳದಲ್ಲಿ ಆ ನಾಯಕರ ಹಿಂದೆ ನಡೆದವರು ಬಣ್ಣದ ವಿಷಯದಲ್ಲಿ ಅವರ ಹಿಂದೆ ನಡೆಯಲಿಲ್ಲ.

1971ರ ವಲಸೆ ಕಾಯ್ದೆ ಹೀಗೆ ಬ್ರಿಟನ್ನಿನೊಡನೆ ಹುಟ್ಟಿನ ನಂಟು ಕೇಳುವ ನಿಯಮವನ್ನು ಕಾಮನ್‌ವೆಲ್ತ್ ಪ್ರಜೆಗಳಿಗೂ ಹಿಗ್ಗಿಸಿತು. ಜಾರಿಗೆ ಬಂದದ್ದು 1973ರ ಜನವರಿ 1ರಂದು. ಅದೇ ದಿನ ಬ್ರಿಟನ್ ಯುರೋಪಿಯನ್ ಸಮುದಾಯ ಸೇರಿತು. ಒಂದು ಬಾಗಿಲು ಮುಚ್ಚಿದ ದಿನವೇ ಇನ್ನೊಂದು ತೆರೆಯಿತು.

## ಯಾವ ನಿಯಂತ್ರಣಕ್ಕೆ ವಿರೋಧ?

ಇಲ್ಲಿ ಎಡಪಂಥ ಎರಡು ದಾರಿಯಾಯಿತು. ಎರಡು ಘೋಷಣೆಗಳು ಕೇಳಲು ಒಂದೇ ಥರ, ಅರ್ಥ ಬೇರೆ.

ಮೊದಲನೆಯದು: ತಾರತಮ್ಯದ ವಲಸೆ ಕಾಯ್ದೆಗಳು ರದ್ದಾಗಲಿ. ಕಮ್ಯುನಿಸ್ಟ್ ಪಕ್ಷ, ಲೇಬರ್ ಎಡಪಂಥೀಯರು ಬಹುಮಟ್ಟಿಗೆ ಇಲ್ಲಿ ನಿಂತರು. ಯಾವುದೇ ಸರ್ಕಾರ ಜನರ ಓಡಾಟವನ್ನು ಒಂದು ಮಟ್ಟಿಗೆ ನಿಯಂತ್ರಿಸುವುದು ತಾತ್ವಿಕವಾಗಿ ತಪ್ಪಲ್ಲ, ಬಣ್ಣ ನೋಡಿ ಮಾಡುವುದು ತಪ್ಪು ಎಂಬುದು ಅದರ ತರ್ಕ. ಮನೆ, ಶಾಲೆ, ಕೆಲಸ ಎಲ್ಲವನ್ನೂ ಯೋಜನೆ ಹಾಕಿ ನಡೆಸಬೇಕೆನ್ನುವವರಿಗೆ ಈ ನಿಲುವು ಸಹಜವೂ ಆಗಿತ್ತು.

ಎರಡನೆಯದು: ಯಾವ ವಲಸೆ ನಿಯಂತ್ರಣವೂ ಬೇಡ. ಇಂಟರ್‌ನ್ಯಾಷನಲ್ ಸೋಷಿಯಲಿಸ್ಟ್ಸ್, ಇಂಟರ್‌ನ್ಯಾಷನಲ್ ಮಾರ್ಕ್ಸಿಸ್ಟ್ ಗ್ರೂಪ್‌ನಂಥ ಟ್ರಾಟ್ಸ್ಕಿವಾದಿ ಗುಂಪುಗಳು ಹೀಗೆಂದವು. ತೂತಿನ ಅಳತೆ ಸರಿಮಾಡಿ ಎಂದು ಮೊದಲನೆಯವರು ಹೇಳಿದರೆ, ಜರಡಿ ಹಿಡಿದ ಕೈಯೇ ಸಮಸ್ಯೆ ಎಂದು ಇವರು ಹೇಳಿದರು. ಬೇಡದವರನ್ನು ಆರಿಸಿ ತೆಗೆಯಲೆಂದೇ ನಿಯಂತ್ರಣ ಹುಟ್ಟಿತು, ಹಾಗಿರುವಾಗ ನ್ಯಾಯವಾದ ನಿಯಂತ್ರಣ ಎಂಬುದು ಎಲ್ಲಿಂದ ಬರಬೇಕು ಎಂಬುದು ಅವರ ಪ್ರಶ್ನೆ. ಸಿಲೋನಿನಲ್ಲಿ ತಮಿಳರ ಮೇಲಿನ ಗಲಭೆಯಿಂದ ತಪ್ಪಿಸಿಕೊಂಡು 1958ರಲ್ಲಿ ಲಂಡನ್ನಿಗೆ ಬಂದ ಎ. ಶಿವಾನಂದನ್ ಈ ವಾದಕ್ಕೆ ಸಾಮ್ರಾಜ್ಯದ ಚರಿತ್ರೆಯನ್ನು ಜೋಡಿಸಿದರು. ನೀವು ಅಲ್ಲಿಗೆ ಬಂದಿದ್ದಿರಿ, ಹಾಗಾಗಿ ನಾವು ಇಲ್ಲಿದ್ದೇವೆ ಎಂಬ ಅವರ ಮಾತು ಚಳವಳಿಗಳ ಘೋಷಣೆಯಾಯಿತು.

ಎರಡೂ ವಾದಗಳಲ್ಲಿ ತೊಡಕಿದೆ. ನಿಯಂತ್ರಣ ಇರಲಿ, ತಾರತಮ್ಯ ಬೇಡ ಎಂದವರಿಗೆ, ಎಲ್ಲೂ ಕಾಣದಿದ್ದ ಅಂಥ ಕಾಯ್ದೆಯ ಮಾದರಿಯನ್ನು ತೋರಿಸಲು ಆಗಲಿಲ್ಲ. ಯಾವ ನಿಯಂತ್ರಣವೂ ಬೇಡ ಎಂದವರಿಗೆ, ಕೂಲಿ ಕುಸಿಯುವ ಭಯದಲ್ಲಿದ್ದ ಕಾರ್ಮಿಕನನ್ನು ಒಪ್ಪಿಸಲು ಆಗಲಿಲ್ಲ. ಇತ್ತ ಕಮ್ಯುನಿಸ್ಟ್ ಪಕ್ಷ ಮಾದರಿಯೆಂದು ತೋರಿಸುತ್ತಿದ್ದ ದೇಶಗಳು ತಮ್ಮ ಪ್ರಜೆಗಳನ್ನು ಹೊರಗೆ ಹೋಗಲೇ ಬಿಡುತ್ತಿರಲಿಲ್ಲ. 1961ರಲ್ಲಿ ಬರ್ಲಿನ್‌ನಲ್ಲಿ ಎದ್ದ ಗೋಡೆ ಆ ಪಕ್ಷದ ಮಾತಿನ ಬಲವನ್ನು ಕುಗ್ಗಿಸದೆ ಇರಲಿಲ್ಲ.

ವಾದದಲ್ಲಿ ಬಗೆಹರಿಯದ್ದು ಕೆಲವೊಮ್ಮೆ ಗೇಟಿನ ಮುಂದೆ ಬಗೆಹರಿಯಿತು. 1976ರಲ್ಲಿ ಉತ್ತರ ಲಂಡನ್ನಿನ ಗ್ರನ್‌ವಿಕ್ ಎಂಬ ಫೋಟೊ ಸಂಸ್ಕರಣ ಕಾರ್ಖಾನೆಯಿಂದ ಜಯಾಬೆನ್ ದೇಸಾಯಿ ಹೊರನಡೆದರು. ಜೊತೆಗೆ ಹೊರಬಂದವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾದಿಂದ ಬಂದ ಭಾರತೀಯ ಮೂಲದ ಹೆಂಗಸರು, 1968ರ ಕಾಯ್ದೆ ಯಾರನ್ನು ತಡೆಯಲು ಹೊರಟಿತ್ತೋ ಅದೇ ಸಮುದಾಯದವರು. ಅಂಚೆ ನೌಕರರು ಆ ಕಾರ್ಖಾನೆಯ ಟಪಾಲು ಮುಟ್ಟಲಿಲ್ಲ, ಗಣಿ ಕಾರ್ಮಿಕರು ಬಸ್ಸು ಮಾಡಿಕೊಂಡು ಬಂದರು. 1977ರ ಜುಲೈನಲ್ಲಿ ಲಂಡನ್ ರೇವಿನ ಕಾರ್ಮಿಕರ ಬ್ಯಾನರ್ ಕೂಡ ಅಲ್ಲಿಗೆ ಬಂತು. ಒಂಬತ್ತು ವರ್ಷದ ಹಿಂದೆ ಪೊವೆಲ್ ಪರ ನಡೆದಿದ್ದ ರೇವು. ಮುಷ್ಕರ 1978ರಲ್ಲಿ ಸೋಲಿನಲ್ಲಿ ಮುಗಿಯಿತು.

## ಹೀತ್ರೂ, 1979ರ ಜನವರಿ

ಕಾಯ್ದೆಯ ಅಕ್ಷರ ದೇಹದ ಮೇಲೆ ಹೇಗೆ ಇಳಿಯುತ್ತದೆ ಎಂಬುದು ಒಂದು ಘಟನೆಯಿಂದ ಬಯಲಾಯಿತು. ಆಗಿನ ನಿಯಮದಂತೆ ಮದುವೆಯಾಗಲು ಬರುವ ವಧುವಿಗೆ ಮೂರು ತಿಂಗಳೊಳಗೆ ಮದುವೆಯಾಗುವುದಾದರೆ ಮುಂಚಿತ ವೀಸಾ ಬೇಕಿರಲಿಲ್ಲ. ಹೆಂಡತಿಯಾಗಿ ಬರುವವರು ಮಾತ್ರ ತಮ್ಮ ದೇಶದ ಬ್ರಿಟಿಷ್ ಕಚೇರಿಯಲ್ಲಿ ಪ್ರವೇಶ ಪತ್ರಕ್ಕೆ ಬಹುಕಾಲ ಕಾಯಬೇಕಿತ್ತು. ಈಗಾಗಲೇ ಮದುವೆಯಾದವರು ವಧು ಎಂದು ಸುಳ್ಳು ಹೇಳಿ ಬರುತ್ತಾರೆ ಎಂಬ ಅನುಮಾನ ಅಧಿಕಾರಿಗಳದ್ದು.

ಜನವರಿ 24ರಂದು ಭಾರತದಿಂದ ಬಂದಿಳಿದ 35 ವರ್ಷದ ಶಿಕ್ಷಕಿಯೊಬ್ಬರನ್ನು ಹೀತ್ರೂ ವಿಮಾನ ನಿಲ್ದಾಣದಲ್ಲಿ ಕನ್ಯತ್ವ ಪರೀಕ್ಷೆಗೆ ಒಳಪಡಿಸಲಾಯಿತು. ಭಾರತೀಯ ಹೆಣ್ಣು ಮದುವೆಗೆ ಮುಂಚೆ ಹೀಗೆಯೇ ಇರಬೇಕು ಎಂಬ ಅಧಿಕಾರಿಗಳ ಕಲ್ಪನೆಯೇ ಅಲ್ಲಿ ಸಾಕ್ಷ್ಯದ ಮಾನದಂಡ. ಗಾರ್ಡಿಯನ್ ಪತ್ರಿಕೆ ಫೆಬ್ರುವರಿ 1ರಂದು ಸುದ್ದಿ ಪ್ರಕಟಿಸಿತು, ಮರುದಿನವೇ ಗೃಹ ಸಚಿವ ಮರ್ಲಿನ್ ರೀಸ್ ಈ ಪರೀಕ್ಷೆ ನಿಲ್ಲಿಸಿದರು. ಬೆರಳೆಣಿಕೆಯ ಪ್ರಕರಣ ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಭಾರತದಲ್ಲಿದ್ದ ಬ್ರಿಟಿಷ್ ಕಚೇರಿಗಳಲ್ಲೂ ಇದು ನಡೆದಿತ್ತು, ಕನಿಷ್ಠ 80 ಹೆಂಗಸರು ಇದಕ್ಕೆ ಒಳಗಾಗಿದ್ದರು ಎಂದು 2011ರಲ್ಲಿ ಹಳೆಯ ಕಡತಗಳಿಂದ ತಿಳಿದುಬಂತು.

ಪ್ರತಿಭಟನೆಯ ಮುಂಚೂಣಿಯಲ್ಲಿ ಅವಾಜ್ ಎಂಬ ಏಷ್ಯನ್ ಮಹಿಳೆಯರ ಗುಂಪು ಮತ್ತು ಆಫ್ರಿಕಾ–ಏಷ್ಯಾ ಮೂಲದ ಮಹಿಳೆಯರ ಸಂಘಟನೆ ಇದ್ದವು. ಅವರು ಹೀತ್ರೂಗೇ ಹೋಗಿ ಧರಣಿ ಕೂತರು. ಎಡಪಂಥದ ಗಂಡಸರಿಗೂ ಅವರು ಒಂದು ಪಾಠ ಹೇಳಿದರು: ವಲಸೆ ಕಾಯ್ದೆ ಎಂದರೆ ಕೂಲಿಯ ಲೆಕ್ಕ ಎಂದಷ್ಟೇ ನೋಡಿದರೆ ಹೆಂಡತಿ, ವಧು, ತಾಯಿ ಎಂದು ವಿಂಗಡಿಸಿ ಹೆಂಗಸರನ್ನು ಅದು ಹೇಗೆ ಹಿಂಡುತ್ತದೆ ಎಂಬುದು ಕಾಣುವುದೇ ಇಲ್ಲ. ಅದೇ ವರ್ಷದ ಜೂನ್‌ನಲ್ಲಿ ವಲಸೆ ಕಾಯ್ದೆಗಳ ವಿರುದ್ಧ ಲಂಡನ್ನಿನಲ್ಲಿ ನಡೆದ ಮೆರವಣಿಗೆಯಲ್ಲಿ ಜಗಮೋಹನ್ ಜೋಶಿ ಕುಸಿದು ಪ್ರಾಣಬಿಟ್ಟರು.

ದೊಡ್ಡ ಘೋಷಣೆಗಳಿಂದ ಒಂದೊಂದು ಕುಟುಂಬದ ಹೋರಾಟಕ್ಕೆ ಚಳವಳಿ ಹೊರಳಿದ್ದು ಈ ಹೊತ್ತಿನಲ್ಲೇ. ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಅನ್ವರ್ ದಿತ್ತಾ ಪಾಕಿಸ್ತಾನದಲ್ಲಿ ಬಿಟ್ಟುಬಂದಿದ್ದ ಮೂರು ಮಕ್ಕಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದರೆ, ಆ ಮಕ್ಕಳು ನಿಮ್ಮವೆಂದು ನಂಬಲಾಗದು ಎಂದು ಗೃಹ ಇಲಾಖೆ 1979ರಲ್ಲಿ ತಿರಸ್ಕರಿಸಿತು. ಏಷ್ಯನ್ ಯುವಕ ಸಂಘಗಳು, ಕಾರ್ಮಿಕ ಸಂಘಗಳು, ಎಡ ಗುಂಪುಗಳು ಊರೂರಿನಲ್ಲಿ ಸಭೆ ನಡೆಸಿದವು. 1981ರಲ್ಲಿ ಟಿ.ವಿ. ಕಾರ್ಯಕ್ರಮವೊಂದು ರಕ್ತ ಪರೀಕ್ಷೆ ಮಾಡಿಸಿದಾಗ ತಾಯಿಯ ಮಾತು ನಿಜವಾಯಿತು. ಮಕ್ಕಳು ಆ ವರ್ಷ ಬಂದರು.

## ಮತ್ತೆ ವಿಂಡ್‌ರಷ್

1971ರ ಕಾಯ್ದೆ, ಆ ಹೊತ್ತಿಗಾಗಲೇ ನೆಲೆಸಿದ್ದವರಿಗೆ ಉಳಿಯುವ ಹಕ್ಕು ಕೊಟ್ಟಿತ್ತು. ಹಕ್ಕು ಕೊಟ್ಟಿತು, ಕಾಗದ ಕೊಡಲಿಲ್ಲ. ನಲವತ್ತು ವರ್ಷ ಯಾರೂ ಕೇಳಲೂ ಇಲ್ಲ. 2012ರಲ್ಲಿ ಥೆರೇಸಾ ಮೇ ಗೃಹ ಸಚಿವೆಯಾಗಿದ್ದಾಗ ಅಕ್ರಮ ವಲಸಿಗರಿಗೆ ಬದುಕೇ ದುಸ್ತರವಾಗಬೇಕೆಂಬ ನೀತಿ ಬಂತು. 2014 ಮತ್ತು 2016ರ ಕಾಯ್ದೆಗಳ ನಂತರ ಮನೆ ಬಾಡಿಗೆ ಕೊಡುವವರು, ಕೆಲಸ ಕೊಡುವವರು, ಬ್ಯಾಂಕಿನವರು, ಆಸ್ಪತ್ರೆಯವರು ಎಲ್ಲರೂ ದಾಖಲೆ ಕೇಳುವವರಾದರು. ಮೊದಲು ಹೇಳಿದ ಒಳಕೋಣೆಯ ಬೀಗಗಳು ಒಮ್ಮೆಲೇ ಬಿದ್ದವು.

ಬಾಲ್ಯದಲ್ಲಿ ತಂದೆ ತಾಯಿಯ ಕೈಹಿಡಿದು ಕೆರಿಬಿಯನ್‌ನಿಂದ ಬಂದು, ಶಾಲೆ ಕಲಿತು, ದುಡಿದು, ತೆರಿಗೆ ಕಟ್ಟಿ ಮುದುಕರಾದವರು ಕೆಲಸ, ಮನೆ, ಚಿಕಿತ್ಸೆ ಕಳೆದುಕೊಂಡರು. ಕನಿಷ್ಠ 83 ಮಂದಿಯನ್ನು ತಪ್ಪಾಗಿ ದೇಶದಿಂದ ಹೊರಹಾಕಲಾಗಿತ್ತು ಎಂಬುದು 2018ರ ನಂತರದ ಪರಿಶೀಲನೆಯಲ್ಲಿ ಬಯಲಾಯಿತು. ಅವರು ಯಾವಾಗ ಬಂದಿಳಿದರು ಎಂದು ತೋರಿಸಬಲ್ಲ ಹಡಗಿನ ಇಳಿದಾಣದ ಚೀಟಿಗಳು ಗೃಹ ಇಲಾಖೆಯ ಬಳಿಯೇ ಇದ್ದವು. 2010ರಲ್ಲಿ ಅವನ್ನು ನಾಶಮಾಡಲಾಗಿತ್ತು.

ಪರಿಹಾರ ಯೋಜನೆ 2019ರಲ್ಲಿ ಶುರುವಾಯಿತು. ತಮಗಾದ ನಷ್ಟಕ್ಕೆ ದಾಖಲೆ ಒದಗಿಸುವ ಹೊರೆ ಅಲ್ಲಿಯೂ ಅರ್ಜಿದಾರರ ಮೇಲೆಯೇ ಬಿತ್ತು. ಹಲವರು ಹಣ ಕೈಸೇರುವ ಮುನ್ನವೇ ತೀರಿಕೊಂಡರು.